ನೆಲದ ಅಸಲು, ನೆಲದ ಬಡ್ಡಿ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಮನೆತನವನ್ನು ನಡೆಸಿ ಬಲ್ಲವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ. ಹಿರಿಯರು ಕೂಡಿಟ್ಟ ಅಸಲು ಒಂದು. ಅದರಿಂದ ವರುಷ ವರುಷಕ್ಕೆ ಹುಟ್ಟುವ ಬಡ್ಡಿ ಇನ್ನೊಂದು. ಬಡ್ಡಿಯನ್ನುಂಡು ಅಸಲನ್ನು ಮಕ್ಕಳಿಗೆ ದಾಟಿಸುವವನು ಜಾಣನಾದ ಗೃಹಸ್ಥನು. ಅಸಲಿಗೇ ಕೈಯಿಕ್ಕಿದವನು ತಾನಿರುವವರೆಗೆ ಸಿರಿವಂತನಂತೆ ಮೆರೆಯಬಹುದಾದರೂ ಮಕ್ಕಳ ಕೈಗೆ ಬರಿಯ ಕುಡಿಕೆಯನ್ನು ಕೊಟ್ಟು ಹೋಗುತ್ತಾನೆ. ಹಣದ ವಿಷಯದಲ್ಲಿ ನಾವೆಲ್ಲರೂ ಒಪ್ಪುವ ಈ ಮಾತು ಕಾಲ ಕೆಳಗಿನ ನೆಲಕ್ಕೂ, ನೆಲದೊಳಗಿನ ನೀರಿಗೂ, ಒಲೆಯ ಉರಿಗೂ ಸಲ್ಲುವುದೆಂಬುದನ್ನು ನಾವು ಅಷ್ಟಾಗಿ ಎಣಿಸುವುದಿಲ್ಲ. ಅದನ್ನೇ ಈ ಬರೆಹದಲ್ಲಿ ವಾಚಕರ ಮುಂದಿಡಬೇಕೆಂದಿದ್ದೇನೆ.

ನಮ್ಮ ಊರು ಜನವಾಡ. ಬೀದರದಿಂದ ಔರಾದಿಗೆ ಹೋಗುವ ದಾರಿಯಲ್ಲಿ, ಎತ್ತರದ ಕೆಂಪು ನೆಲವನ್ನಿಳಿದು ಮಾಂಜರಾ ಹೊಳೆಯ ಬಯಲಿಗೆ ಬರುವಲ್ಲಿ ಇದೆ. ಬೀದರ ಕೋಟೆಯ ಬಡಗಣ ಗೋಡೆಯ ಬಳಿ ನಿಂತು ಕೆಳಗೆ ನೋಡಿದವರಿಗೆ ಎರಡು ಬಣ್ಣದ ಭೂಮಿ ಒಂದೇ ನೋಟದಲ್ಲಿ ಕಾಣುವುದು: ಕಾಲಡಿಯಲ್ಲಿ ಇಟ್ಟಿಗೆಯಂತೆ ಕೆಂಪಾದ ಕಲ್ಲು, ಕೆಳಗೆ ಕಣ್ಣು ಹೋದಷ್ಟು ದೂರ ಕರಿಯ ಎರೆಭೂಮಿ. ಈ ಕೆಂಪು ಕಪ್ಪುಗಳ ನಡುವೆಯೇ ನಮ್ಮ ಸೀಮೆಯ ಬದುಕೆಲ್ಲ ನಡೆದುಬಂದಿದೆ. ನಮ್ಮ ಮನೆತನಕ್ಕೆ ಎರೆಯ ಪಾಲು ಬಂದಿತು. ಊರಿನ ಅಂಚಿನಲ್ಲಿ ಹನ್ನೆರಡು ಎಕರೆ ಹೊಲ. ಅದರಲ್ಲಿ ನಮ್ಮ ಅಜ್ಜನವರು ತೋಡಿಸಿದ ಒಂದು ಬಾವಿ. ಆ ಬಾವಿಯ ಮಾತಿಗೆ ಮುಂದೆ ಬರುತ್ತೇನೆ. ಅದಕ್ಕೆ ಮುಂಚೆ ಈ ನೆಲವು ತನ್ನ ಅಸಲನ್ನು ಹೇಗೆ ಕೂಡಿಸಿತೆಂಬುದನ್ನು ನೋಡೋಣ. ಗಂಟಿನ ಬೆಲೆ ತಿಳಿಯಬೇಕಾದರೆ ಅದನ್ನು ಗಳಿಸಿದ ಬಗೆ ತಿಳಿದಿರಬೇಕಷ್ಟೆ.

ಮನೆಯೊಳಗಿನಿಂದಲೇ ಆರಂಭಿಸಬಹುದು. ನಮ್ಮ ಕಡೆಯ ಅಡುಗೆಮನೆ ಪಡಸಾಲೆಗಳಿಗೆ ಹಾಸುವುದು ಶಹಾಬಾದಿನ ಫರಸಿ ಕಲ್ಲು. ಬೇಸಗೆಯ ಮಧ್ಯಾಹ್ನ ಅದರ ಮೇಲೆ ಚಾಪೆಯೂ ಇಲ್ಲದೆ ಮಲಗುವ ಸುಖವನ್ನು ಈ ಸೀಮೆಯವರು ಬಲ್ಲರು. ಕಲಬುರಗಿ ಜಿಲ್ಲೆಯ ಗಣಿಗಳಲ್ಲಿ ಇದು ಹಾಳೆ ಹಾಳೆಯಾಗಿ ಏಳುತ್ತದೆ. ಏಕೆಂದರೆ ಅದು ಹಾಳೆ ಹಾಳೆಯಾಗಿಯೇ ಕುಳಿತುದಾಗಿದೆ. ಹಲವು ಹತ್ತು ಕೋಟಿ ವರ್ಷಗಳಿಗೂ ಹಿಂದೆ, ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಹುಟ್ಟಿರದ ಕಾಲದಲ್ಲಿ, ಭೀಮಾ ನದಿಯ ಇಂದಿನ ಕಣಿವೆಯಿರುವಲ್ಲಿ ಆಳವಿಲ್ಲದ ಕಡಲೊಂದಿದ್ದಿತು. ಅದರ ತಳದಲ್ಲಿ ಪದರದ ಮೇಲೆ ಪದರವಾಗಿ ಇಳಿದ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಗೃಹಿಣಿಯರು ದಿನಬೆಳಗಾದರೆ ಒರೆಸುವುದು ಒಂದು ಹಳೆಯ ಕಡಲಿನ ತಳವನ್ನು!

ಅಂಥ ಹಳೆಯ ಕಡಲುಗಳಲ್ಲಿ ಮೀನಿರಲಿಲ್ಲ, ಶಂಖವಿರಲಿಲ್ಲ. ಇದ್ದುದೆಂದರೆ ಬರಿಗಣ್ಣಿಗೆ ಕಾಣದ ಜೀವಿಗಳು ಮತ್ತು ಅವು ಹಾಸಿದ ಪಾಚಿಯಂಥ ಲೋಳೆಯ ಪದರಗಳು. ಬಾಗಲಕೋಟೆಯ ಕಡೆಯ ಸುಣ್ಣಕಲ್ಲುಗಳಲ್ಲಿ ಇಂಥ ಜೀವಿಗಳು ಕಟ್ಟಿದ ಗುಮ್ಮಟದಾಕಾರದ ಪದರಗಳು ಕಲ್ಲಾಗಿ ಉಳಿದುಕೊಂಡಿವೆ. ವಿದ್ವಾಂಸರು ಅವನ್ನು ಸ್ಟ್ರೊಮಾಟೊಲೈಟ್ ಎಂದು ಕರೆಯುತ್ತಾರೆ. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷ. ಅದರ ಮೊದಲರ್ಧದಲ್ಲಿ ಗಾಳಿಯೊಳಗೆ ನಮಗೆ ಉಸಿರಾಡಲು ಬೇಕಾದ ಪ್ರಾಣವಾಯು ಇಲ್ಲವೆನ್ನುವಷ್ಟು ಕಡಿಮೆಯಿದ್ದಿತು. ನೀಲಿಹಸಿರು ಬಣ್ಣದ ಸೂಕ್ಷ್ಮಜೀವಿಗಳು ಬಿಸಿಲನ್ನೂ ನೀರನ್ನೂ ಬಳಸಿ ತಮ್ಮ ಅನ್ನವನ್ನು ತಾವೇ ಮಾಡಿಕೊಳ್ಳುತ್ತ, ಬೇಡವಾದ ಪ್ರಾಣವಾಯುವನ್ನು ಹೊರಗೆ ಬಿಡುತ್ತ ಬಂದುವು. ಅದು ಮೊದಮೊದಲು ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣವನ್ನು ಸೇರಿ ತುಕ್ಕಾಗಿ ತಳಕ್ಕಿಳಿಯುತ್ತಿದ್ದಿತು. ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ನಿಲ್ಲತೊಡಗಿತು. ನಾವು ಈ ಕ್ಷಣದಲ್ಲಿ ಎಳೆದುಕೊಳ್ಳುವ ಉಸಿರು ಆ ಅಸಲಿನಿಂದ ಬಂದುದೇ. ಅದನ್ನು ಗಳಿಸಿಟ್ಟವರು ನಮ್ಮ ಯಾವ ವಂಶಾವಳಿಯಲ್ಲಿಯೂ ಹೆಸರಿಲ್ಲದ ಹಿರಿಯರು.

ಇನ್ನು ಕಪ್ಪುನೆಲದ ಕಥೆ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖಣದ ನೆಲವು ಬಿರಿದು, ಕರಗಿದ ಕಲ್ಲು ಹೊಳೆಯಾಗಿ ಹರಿಯಿತು. ಒಂದು ಸಲವಲ್ಲ, ಹಲವು ಸಲ. ಒಂದು ಹಾಸು ಆರಿದ ಮೇಲೆ ಅದರ ಮೇಲೊಂದು. ಇಂದಿಗೂ ಅದು ಸುಮಾರು ಐದು ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿಕೊಂಡಿದೆ. ಅದರ ಗುಡ್ಡಗಳು ಮೆಟ್ಟಿಲುಮೆಟ್ಟಿಲಾಗಿ ತೋರುವುದರಿಂದ, ಮೆಟ್ಟಿಲೆಂಬ ಅರ್ಥದ ಸ್ವೀಡನ್ ದೇಶದ ಮಾತನ್ನು ಹಿಡಿದು ಇದಕ್ಕೆ ಟ್ರಾಪ್ ಎಂದು ಹೆಸರಿಟ್ಟರು. ಎರಡು ಹರಿವುಗಳ ನಡುವೆ ಬಿಡುವು ದೊರೆತಾಗ ಆರಿದ ಕಲ್ಲಿನ ತಗ್ಗುಗಳಲ್ಲಿ ಮಳೆಯ ನೀರು ನಿಂತು ಕೆರೆಯಾಗುತ್ತಿದ್ದಿತು. ಕೆರೆಯೊಳಗೆ ಜೀವ ಮರಳುತ್ತಿದ್ದಿತು. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನ ಬಳಿ ಅಂಥ ಕೆರೆಗಳ ಹೂಳಿನಲ್ಲಿ ಸಿಹಿನೀರಿನ ಸಣ್ಣ ಸಸ್ಯಗಳ ಅವಶೇಷಗಳು ದೊರೆತಿವೆ. ಬೆಂಕಿಯ ಎರಡು ಹಾಸುಗಳ ನಡುವೆಯೂ ಜೀವವು ಬೇರೂರಲು ಸ್ಥಳ ಹುಡುಕಿಕೊಂಡುದನ್ನು ನೆನೆದಾಗ, ಒಂದು ವರ್ಷ ಮಳೆ ತಪ್ಪಿತೆಂದು ಎದೆಗುಂದುವ ನಮ್ಮ ಮನಸ್ಸಿಗೆ ಎಷ್ಟೋ ಸಮಾಧಾನವಾಗುತ್ತದೆ. ಆ ಕರಿಯ ಕಲ್ಲು ಬಿಸಿಲು ಮಳೆಗಳಿಗೆ ನವೆದು ನವೆದು ಮೊರಂ ಆಗಿ, ಮೊರಂ ನವೆದು ಎರೆಮಣ್ಣಾಗಿದೆ. ಒಂದು ಅಂಗುಲ ಮಣ್ಣು ಕೂಡಲು ನೂರಾರು ವರ್ಷ ಬೇಕಾಗುತ್ತವೆ. ಬದುವಿಲ್ಲದ ಹೊಲದಲ್ಲಿ ಒಂದು ಜಡಿಮಳೆ ಅದನ್ನು ಒಂದೇ ರಾತ್ರಿಯಲ್ಲಿ ಹೊಳೆಗೆ ಒಯ್ಯಬಲ್ಲುದು.

ಬೀದರದ ಕೆಂಪು ಕಲ್ಲೂ ಇದೇ ಕರಿಯ ಕಲ್ಲಿನ ಮಗುವೇ. ಎತ್ತರದ ಸಮನೆಲದಲ್ಲಿ ಲಕ್ಷಾಂತರ ವರ್ಷಗಳ ಕಾಲ ಮಳೆ ಸುರಿದು, ಕರಗುವುದೆಲ್ಲ ಕರಗಿ ಹೋದ ಮೇಲೆ, ಕರಗದ ಕಬ್ಬಿಣವು ಗಾಳಿಯ ಪ್ರಾಣವಾಯುವನ್ನುಂಡು ತುಕ್ಕು ಹಿಡಿದು ಕೆಂಪಾಯಿತು. ಆ ಹಳೆಯ ಪಾಚಿಗಳು ಬಿಟ್ಟ ಉಸಿರಿಲ್ಲದಿದ್ದರೆ ಈ ಕೆಂಪು ಇರುತ್ತಿರಲಿಲ್ಲ. ಫ್ರಾನ್ಸಿಸ್ ಬುಕಾನನ್ ಎಂಬವನು ಮಲಬಾರಿನಲ್ಲಿ ಇಂಥದೇ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗಾರಿದ ಮೇಲೆ ಬಿರುಸಾಗುವುದು ಅದರ ಗುಣ. ಬೀದರ ಕೋಟೆಯ ಕಂದಕವನ್ನು ಕಡಿದುದು ಈ ಕಲ್ಲಿನಲ್ಲಿಯೇ. ಸತುವು ತಾಮ್ರಗಳನ್ನು ಬೆರೆಸಿ ಎರಕ ಹೊಯ್ದು ಬೆಳ್ಳಿಯ ಕುಸುರಿಯನ್ನು ಕೂಡಿಸಿದ ಬಿದರಿ ಪಾತ್ರೆಯನ್ನು ಕೊನೆಗೆ ಕಪ್ಪಾಗಿಸುವುದು ಕೋಟೆಯ ಹಳೆಯ ಮಣ್ಣು; ಅದನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಪಾತ್ರೆಯ ಮೈ ಕರ್ರಗಾಗಿ, ಬೆಳ್ಳಿಯು ಮಾತ್ರ ಬೆಳ್ಳಗೆ ಉಳಿಯುತ್ತದೆ.

ನಮಗೆ ಇಲ್ಲಿ ಹೆಚ್ಚು ಬೇಕಾದುದು ಆ ಕಲ್ಲಿನ ಇನ್ನೊಂದು ಗುಣ. ಅದರ ಮೈಯೆಲ್ಲ ತೂತು. ಬಿದ್ದ ಮಳೆಯನ್ನು ಅದು ಒಣಬಟ್ಟೆಯಂತೆ ಹೀರಿಕೊಂಡು, ಕೆಳಗಿನ ಜೇಡಿಯ ಪದರದವರೆಗೆ ಇಳಿಸಿ, ಅಲ್ಲಿಂದ ಮೆಲ್ಲಮೆಲ್ಲನೆ ಬೆಟ್ಟದಂಚಿಗೆ ಸಾಗಿಸುತ್ತದೆ. ಬೀದರದ ಸುತ್ತ ಪಾಪನಾಶದಲ್ಲಿ, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದೇವರ ದರ್ಶನ ಮಾಡುವ ನರಸಿಂಹ ಝರಣಿಯ ಗುಹೆಯಲ್ಲಿ, ಗುರು ನಾನಕರ ಕಾಲದಲ್ಲಿ ಚಿಮ್ಮಿತೆಂದು ಭಕ್ತರು ನಂಬುವ ನಾನಕ್ ಝೀರಾದಲ್ಲಿ, ಎಲ್ಲೆಡೆಯೂ ಕೆಂಪು ಕಲ್ಲಿನೊಳಗಿಂದ ಒಸರಿ ಬರುವುದು ಈ ನೀರೇ. ಬಹಮನಿ ಅರಸರು ೧೫ನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದಾಗ ಊರು ದೊಡ್ಡದಾಯಿತು, ನೀರು ಬೇಕಾಯಿತು. ಆಗ ಪಾರಸಿಕ ದೇಶದ ವಿದ್ಯೆಯನ್ನು ಬಲ್ಲವರು ಇಲ್ಲಿ ಕಟ್ಟಿದುದೇ ಕರೇಜ್, ಎಂದರೆ ಸುರಂಗಬಾವಿ.

ಅದರ ರಚನೆಯು ಸರಳವಾದುದು. ಎತ್ತರದಲ್ಲಿ ಒಂದು ತಾಯಿಬಾವಿ. ಅದರ ತಳದಿಂದ ಬಲು ಸಣ್ಣ ಇಳಿಜಾರಿನಲ್ಲಿ ಕಲ್ಲಿನೊಳಗೇ ಕೊರೆದ ಸುರಂಗ. ಕೊರೆದ ಮಣ್ಣನ್ನು ಮೇಲೆತ್ತಲೂ ಒಳಗೆ ಗಾಳಿಯಾಡಲೂ ನಡುನಡುವೆ ನೆಟ್ಟಗೆ ಇಳಿಬಿಟ್ಟ ಕಿಂಡಿಬಾವಿಗಳು. ನೀರು ತಾನಾಗಿ ಜಿನುಗಿ, ತಾನಾಗಿ ಹರಿದು, ತಗ್ಗಿನಲ್ಲಿ ಹೊರಬೀಳುವುದು. ಎತ್ತು ಬೇಡ, ಯಂತ್ರ ಬೇಡ. ಬೀದರದ ಹತ್ತಿರ ನೌಬಾದಿನಲ್ಲಿರುವ ಸುರಂಗವು ಮೈಲಿಗೂ ಮೀರಿ ಉದ್ದವಾಗಿದೆ. ಹೂಳಿನಲ್ಲಿ ಮರೆತುಹೋಗಿದ್ದ ಅದರ ಜಾಡನ್ನು ಭೂಗೋಳ ವಿದ್ವಾಂಸರಾದ ವಿ. ಗೋವಿಂದನ್‌ಕುಟ್ಟಿಯವರು ನಕ್ಷೆಗಿಳಿಸಿದರು, ೨೦೧೦ರ ದಶಕದಲ್ಲಿ ಅದರ ಹೂಳನ್ನು ತೆಗೆಯುವ ಕಾರ್ಯವೂ ನಡೆಯಿತು. ನಾನು ಅಲ್ಲಿಗೆ ಹೋಗಿ ಒಂದು ಕಿಂಡಿಯಿಂದ ಬಗ್ಗಿ ನೋಡಿದಾಗ, ಆಳದಲ್ಲಿ ಗೇಣುದ್ದದ ಬೆಳಕು ನೀರಿನ ಮೇಲೆ ಅಲುಗುತ್ತಲಿದ್ದಿತು. ಆ ಶಿಲ್ಪಿಗಳ ಕೈಚಳಕಕ್ಕಿಂತಲೂ ಅವರ ಲೆಕ್ಕಾಚಾರ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿಯಿತು. ಕರೇಜಿನಿಂದ ಯಾರೂ ಹೆಚ್ಚು ನೀರನ್ನು ಎಳೆದುಕೊಳ್ಳಲಾರರು. ಮಳೆಯು ಎಷ್ಟನ್ನು ನೆಲಕ್ಕಿಳಿಸಿತೋ ಅಷ್ಟೇ ಜಿನುಗುವುದು. ಮಳೆ ಕಡಿಮೆಯಾದ ವರ್ಷ ಹರಿವೂ ಕಿರಿದಾಗಿ, ಬಳಸುವವರನ್ನು ತಾನೇ ಎಚ್ಚರಿಸುವುದು. ಬಡ್ಡಿಯನ್ನು ಮಾತ್ರ ಕೈಗೆ ಕೊಟ್ಟು, ಅಸಲಿನ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಮಳೆರಾಯನಲ್ಲಿಯೇ ಇಟ್ಟಂಥ ಏರ್ಪಾಡು ಅದು.

ಕೆಳಗಿನ ಕರಿನೆಲದಲ್ಲಿ ನಮಗೆ ಅಂಥ ಸೌಕರ್ಯವಿಲ್ಲ. ಟ್ರಾಪ್ ಕಲ್ಲು ಲೋಭಿ. ಮೇಲಿನ ಮೊರಮಿನಲ್ಲಿಯೂ ಒಂದು ಹಾಸಿಗೂ ಇನ್ನೊಂದು ಹಾಸಿಗೂ ನಡುವಣ ಸಂದಿಯಲ್ಲಿಯೂ ಒಂದಿಷ್ಟು ನೀರನ್ನು ಹಿಡಿದಿಡುತ್ತದೆ. ಅದರ ಕೆಳಗೆ ಬಿರುಕು ಸಿಕ್ಕಿದರೆ ಉಂಟು, ಇಲ್ಲವಾದರೆ ಇಲ್ಲ. ನಮ್ಮ ಅಜ್ಜನವರ ಬಾವಿ ನಲವತ್ತು ಅಡಿಯದು. ಎರೆಮಣ್ಣನ್ನೂ ಮೊರಮನ್ನೂ ದಾಟಿ ಕರಿಗಲ್ಲು ಹತ್ತಿದೊಡನೆ ತೋಡುವುದನ್ನು ನಿಲ್ಲಿಸಿದರಂತೆ. ನಾನು ಹುಡುಗನಾಗಿದ್ದಾಗ ಎರಡು ಜೊತೆ ಎತ್ತುಗಳು ಕಪಿಲೆ ಹೊಡೆಯುತ್ತಿದ್ದುವು. ಬೆಳಗಿನ ಜಾವಕ್ಕೆ ಆರಂಭಿಸಿದರೆ ಬಿಸಿಲೇರುವ ಹೊತ್ತಿಗೆ ನೀರು ತಳ ಹಿಡಿಯುವುದು, ಎತ್ತುಗಳನ್ನು ಬಿಚ್ಚುವರು. ಸಂಜೆಗೆ ಮತ್ತೆ ಬಾವಿ ಅರ್ಧ ತುಂಬಿರುವುದು. ಎತ್ತಿನ ದಣಿವು, ಬಾವಿಯ ದಣಿವು ಎರಡೂ ಒಂದೇ ಹೊತ್ತಿಗೆ ತೀರುತ್ತಿದ್ದುವು. ೧೯೭೨ರ ಬರದಲ್ಲಿ ಊರಿನ ಅರ್ಧಮಂದಿ ಕುಡಿಯುವ ನೀರನ್ನು ಆ ಬಾವಿಯಿಂದ ಒಯ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತಾಯಿಯವರು ದಂಡೆಯ ಮೇಲೆ ನಿಂತು, ಮೊದಲು ಬಾಣಂತಿಯರ ಮನೆಗೆ, ಆಮೇಲೆ ಉಳಿದವರಿಗೆ ಎಂದು ಕೊಡಗಳನ್ನು ಎಣಿಸಿ ಬಿಡುತ್ತಿದ್ದರು.

ಕೊಳವೆಬಾವಿಗಳು ಬಂದ ಮೇಲೆ ಊರಿನ ನಡೆ ಬದಲಾಯಿತು. ಮೊದಲನೆಯ ಬೋರು ಇನ್ನೂರು ಅಡಿಗೆ ನೀರು ಕೊಟ್ಟಿತು. ಆ ವರ್ಷ ನಾವು ಮೂರು ಎಕರೆ ಕಬ್ಬು ಹಚ್ಚಿದೆವು; ಮನೆಗೆ ಹೊಸ ಮಾಳಿಗೆ ಬಂದಿತು, ಇಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು. ಅದನ್ನು ಮರೆತರೆ ಅನ್ಯಾಯವಾದೀತು. ಏಳನೆಯ ವರ್ಷಕ್ಕೆ ಆ ಬೋರು ಬರಿದಾಗಿ, ಎರಡನೆಯದನ್ನು ನಾನೂರೈವತ್ತು ಅಡಿಗೆ ಇಳಿಸಿದೆವು. ಅದು ನಾಲ್ಕು ವರ್ಷ ಬಾಳಿತು. ಅಷ್ಟರಲ್ಲಿ ಅಜ್ಜನವರ ಬಾವಿಯ ತಳದಲ್ಲಿ ಜಾಲಿಯ ಗಿಡ ಹುಟ್ಟಿದ್ದಿತು. ಆಳದ ಬಿರುಕುಗಳಲ್ಲಿ ನಿಂತ ನೀರು ಹಲವು ಮಳೆಗಾಲಗಳಿಂದ ಹನಿಹನಿಯಾಗಿ ಇಳಿದು ಕೂಡಿದುದು. ಅದನ್ನು ನಾವು ಕೆಲವೇ ಹಂಗಾಮುಗಳಲ್ಲಿ ಮೇಲೆತ್ತಿದ್ದೆವು.

ಇಲ್ಲಿ ಇನ್ನೊಂದು ಸಂಗತಿಯನ್ನು ಕೂಡಿಸಬೇಕು. ಬೋರಿನ ನೀರನ್ನು ಎತ್ತುವುದು ವಿದ್ಯುತ್ತು. ನಮ್ಮ ನಾಡಿನ ವಿದ್ಯುತ್ತಿನಲ್ಲಿ ದೊಡ್ಡ ಭಾಗ ಶರಾವತಿಯಂಥ ನದಿಗಳಿಂದಲೂ, ಈಚೆಗೆ ಗಾಳಿ ಬಿಸಿಲುಗಳಿಂದಲೂ ಬರುವುದು ನಿಜ. ಆದರೆ ೧೯೮೫ರಲ್ಲಿ ಆರಂಭವಾದ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಉರಿಸುತ್ತ ಬಂದಿರುವುದು ಕಲ್ಲಿದ್ದಲನ್ನು. ಅದರಲ್ಲಿ ಬಹುಪಾಲು ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲಿನ ಮೇಲೆ ಬಂದುದು. ಆ ಕಲ್ಲಿದ್ದಲು ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ ಗೋದಾವರಿಯ ಇಂದಿನ ಕಣಿವೆಯ ಜೌಗಿನಲ್ಲಿ ಬಿಸಿಲುಂಡು ಬೆಳೆದು, ಬಿದ್ದು, ಹೂತು ಕರ್ರಗಾದ ಕಾಡು. ಹೀಗೆ ನಮ್ಮ ಹೊಲದಲ್ಲಿ ಗುಂಡಿಯನ್ನು ಒತ್ತಿದಾಗ ಎರಡು ಅಸಲುಗಳು ಒಟ್ಟಿಗೆ ಕರಗುತ್ತಿದ್ದುವು: ಹಳೆಯ ಕಾಡಿನ ಬಿಸಿಲನ್ನು ಸುಟ್ಟು ಹಳೆಯ ಮಳೆಯ ನೀರನ್ನು ಎತ್ತುತ್ತಿದ್ದೆವು. ಕಲ್ಲಿದ್ದಲಿನ ಹೊಗೆಯಿಂದ ಗಾಳಿಯು ಕಾಯುತ್ತಿರುವುದೂ, ಮಳೆಯ ನಡೆ ಕೆಡುತ್ತಿರುವುದೂ ಈಗ ಲೋಕವೆಲ್ಲ ಬಲ್ಲ ಮಾತಾಗಿದೆ. ಬಡ್ಡಿಯಾಗಿ ಬರುವ ಮಳೆಗೂ ಅದರಿಂದ ಕುಂದು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ನಾನು ಹೇಳುತ್ತಿಲ್ಲ. ನಮ್ಮ ತಾಯಿಯವರ ಒಲೆಯು ತೊಗರಿಕಟ್ಟಿಗೆ ಮತ್ತು ಕುಳ್ಳಿನಿಂದ ಉರಿಯುತ್ತಿದ್ದಿತು. ತೊಗರಿಯ ಕಟ್ಟಿಗೆ ಆ ವರ್ಷದ ಬಿಸಿಲು, ಕುಳ್ಳು ಆ ವರ್ಷದ ಮೇವು. ಲೆಕ್ಕದಲ್ಲಿ ಅದು ಅಪ್ಪಟ ಬಡ್ಡಿಯೇ ಸರಿ. ಆದರೂ ಆ ಹೊಗೆಗೆ ತಾಯಿಯವರ ಕಣ್ಣು ಐವತ್ತರೊಳಗೇ ಮಂಜಾಯಿತು, ಕೆಮ್ಮು ಕೊನೆಯವರೆಗೂ ಬಿಡಲಿಲ್ಲ. ಅನಿಲದ ಒಲೆ ಬಂದ ದಿನ ಮನೆಯ ಹೆಂಗಸರ ಮುಖದ ಮೇಲೆ ಮೂಡಿದ ನಗೆಯನ್ನು ಕಂಡವನು ಯಾವನೂ ಅದನ್ನು ಹಳಿಯಲಾರನು. ಕೂಡಿಟ್ಟ ಅಸಲನ್ನು ಮುಟ್ಟಲೇಬಾರದೆಂದು ಯಾವ ಹಿರಿಯನೂ ವಿಧಿಸಿಲ್ಲ. ಬೇನೆಗೆ, ಬಾಣಂತನಕ್ಕೆ ತೆಗೆಯಬೇಕು. ದಿನದ ಹೋಳಿಗೆಗೆ ತೆಗೆಯಬಾರದು. ಯಾವುದು ಬೇನೆ, ಯಾವುದು ಹೋಳಿಗೆ ಎಂಬುದನ್ನು ಬಿಡಿಸಿ ನೋಡುವುದೇ ಮನೆತನದ ವಿವೇಕವಾಗಿದೆ.

ಕಬ್ಬು ನಮ್ಮ ಪಾಲಿಗೆ ಯಾವುದಾಗಿದ್ದಿತು? ಬೀದರ ಸೀಮೆಗೆ ಸರಾಸರಿ ಮಳೆ ವರ್ಷಕ್ಕೆ ಒಂದು ಮೀಟರಿಗೂ ಕಡಿಮೆ. ಕಬ್ಬು ನೆಟ್ಟಂದಿನಿಂದ ಕಡಿಯುವವರೆಗೆ ಬೇಡುವ ನೀರನ್ನು ಹೊಲದ ಮೇಲೆ ನಿಲ್ಲಿಸಿದರೆ ಒಂದೂವರೆ ಮೀಟರಿನಿಂದ ಎರಡೂವರೆ ಮೀಟರಿನವರೆಗೆ ಆಗುತ್ತದೆ. ಕೊರತೆಯನ್ನು ನೆಲವೇ ತುಂಬಿಕೊಡಬೇಕು. ನಮ್ಮ ಮಾಂಜರಾ ಹೊಳೆಯು ಬೀಡ ಜಿಲ್ಲೆಯ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಲಾತೂರಿನ ಸೀಮೆಯನ್ನು ಹಾಯ್ದು ಇತ್ತ ಬರುವುದು. ಅದರ ಮೇಲ್ದಂಡೆಯಲ್ಲಿಯೂ ಕಬ್ಬು ಹೆಚ್ಚಾಗಿ, ಮಳೆಯೂ ಕೈಕೊಟ್ಟಾಗ ಏನಾಯಿತೆಂಬುದು ಅನೇಕರಿಗೆ ನೆನಪಿರಬಹುದು: ೨೦೧೬ರ ಏಪ್ರಿಲ್ ತಿಂಗಳಲ್ಲಿ ಲಾತೂರ ನಗರಕ್ಕೆ ಕುಡಿಯುವ ನೀರನ್ನು ಮಿರಜದಿಂದ ರೈಲಿನಲ್ಲಿ ಒಯ್ಯಬೇಕಾಯಿತು. ಹೊಳೆಯ ದಂಡೆಯ ನಾಡಿಗೆ ರೈಲಿನ ಮೇಲೆ ನೀರು! ನಮ್ಮ ಊರಿನ ಕಟ್ಟೆಯಲ್ಲಿ ಆ ಸುದ್ದಿಯನ್ನು ಓದಿದ ದಿನ ಯಾರೂ ಹೆಚ್ಚು ಮಾತಾಡಲಿಲ್ಲ.

ಎರಡನೆಯ ಬೋರು ಬತ್ತಿದಾಗ ನಮ್ಮ ಮನೆಯಲ್ಲಿಯೂ ಆ ಪ್ರಶ್ನೆಯೇ ಎದ್ದಿತು. ತಮ್ಮನ ಮಗನು, “ದೊಡ್ಡಪ್ಪಾ, ಇನ್ನ ಎರಡು ನೂರು ಫೂಟು ಕೆಳಗ ಹೋದರ ನೀರು ಸಿಕ್ಕೇ ಸಿಗತಾವ್ರಿ. ಬಾಜೂದವರಿಗೆ ಸಿಕ್ಕಾವ,” ಎಂದನು. ತಮ್ಮನೂ ಅದಕ್ಕೆ ತಲೆದೂಗಿದನು. ಅವನ ಕಿರಿಯ ಮಗಳ ಓದಿಗೆಂದು ತೆಗೆದಿಟ್ಟ ಹಣವೊಂದೇ ಮನೆಯಲ್ಲಿದ್ದುದು. ನಮ್ಮಲ್ಲಿ ಲೆಕ್ಕವನ್ನಿಡುವವಳು ತಮ್ಮನ ಹೆಂಡತಿ. ಅವಳು ಒಳಗಿನಿಂದ ವಹಿಯನ್ನು ತಂದು ನಮ್ಮೆದುರಿಗಿಟ್ಟು, “ಮೊದಲ ಲೆಕ್ಕ ನೋಡ್ರಿ, ಆಮ್ಯಾಲ ಮಾತಾಡ್ರಿ,” ಎಂದಷ್ಟೇ ಹೇಳಿ ಬಾಗಿಲ ಬಳಿ ನಿಂತಳು. ನೋಡಿದೆವು. ಮೊದಲಿನ ಬೋರು ತನ್ನ ಖರ್ಚನ್ನು ಎರಡೇ ವರ್ಷದಲ್ಲಿ ತೀರಿಸಿದ್ದಿತು. ಎರಡನೆಯದರ ಖರ್ಚು, ಮೋಟಾರಿನ ದುರಸ್ತಿ, ಗೊಬ್ಬರದ ಸಾಲ ಎಲ್ಲವನ್ನೂ ಕೂಡಿಸಿ ಕಳೆದರೆ ನಾಲ್ಕು ವರ್ಷದ ಕಬ್ಬು ಕೊಟ್ಟುದು ಬಹುಮಟ್ಟಿಗೆ ಸೊನ್ನೆ. ಅದೇ ವಹಿಯಲ್ಲಿ, ನೀರು ಕಾಣದ ಒಣಹೊಲದ ತೊಗರಿ, ಹೆಸರು, ಜೋಳಗಳ ಸಾಲುಗಳು ಸಣ್ಣ ಅಂಕಿಗಳಾದರೂ ವರ್ಷ ವರ್ಷವೂ ಕೂಡುವ ಕಡೆಗೇ ಇದ್ದುವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ತಮ್ಮನೇ ವಹಿಯನ್ನು ಮುಚ್ಚಿ, “ಹುಡುಗಿ ಓದಲಿ ಬಿಡ್ರಿ ಅಣ್ಣಾ,” ಎಂದನು.

ಆ ಬೇಸಗೆಯಲ್ಲಿ ಬಾವಿಯೊಳಗಿನ ಜಾಲಿಯನ್ನು ಕಿತ್ತು ಹೂಳನ್ನು ತೆಗೆಸಿದೆವು. ಹೊಲದ ತಗ್ಗಿನಲ್ಲಿ ಒಂದು ಹೊಂಡವನ್ನು ತೋಡಿ, ಬದುಗಳನ್ನು ಸರಿಪಡಿಸಿ, ಓಡಿಹೋಗುವ ಮಳೆಯನ್ನು ನಿಲ್ಲುವಂತೆ ಮಾಡಿದೆವು. ಕಬ್ಬಿನ ಮೂರು ಎಕರೆಗೆ ತೊಗರಿ ಬಂದಿತು. ತೊಗರಿಯ ಬೇರನ್ನು ಮೆಲ್ಲನೆ ಕಿತ್ತು ನೋಡಿದರೆ ಸಣ್ಣ ಗಂಟುಗಳು ಕಾಣುವುವು; ಅವುಗಳೊಳಗೆ ಬರಿಗಣ್ಣಿಗೆ ಕಾಣದ ಜೀವಿಗಳು ಗಾಳಿಯಿಂದ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಿಡವು ಅವಕ್ಕೆ ಸಕ್ಕರೆಯನ್ನು ಕೊಡುತ್ತದೆ. ಹಳೆಯ ಕಡಲಿನಲ್ಲಿ ಕೆಲಸ ಮಾಡಿದ ಆ ಸೂಕ್ಷ್ಮಕುಲದವರೇ ಇಂದಿಗೂ ನಮ್ಮ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುತ್ತಿರುವರೆನ್ನಬಹುದು. ಬದುವಿನ ಹುಲ್ಲು ಬೆಳೆದ ಮೇಲೆ ಚಿಗರೆಗಳು ಒಂದೆರಡು ಸಲ ಬಂದು ಬೆಳೆಯನ್ನು ಮೇದುದೂ ಉಂಟು. ಹುಡುಗರು ಅಟ್ಟಲು ಹೋದರು. ಬೀದರದ ಹುಲ್ಲುಬಯಲುಗಳು ಎಷ್ಟು ಕಿರಿದಾಗಿವೆಯೆಂಬುದನ್ನು ನೆನೆದರೆ, ಅವು ಎಲ್ಲಿಗೆ ಹೋಗಬೇಕೆಂದು ಹೇಳುವುದು ಸುಲಭವಲ್ಲ. ನಮ್ಮ ಸೀಮೆಯವರು ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಹೋಗಿ, ಸಜ್ಜೆಯ ರೊಟ್ಟಿ ಭಜ್ಜಿ ಅಂಬಲಿಗಳನ್ನು ತಾವುಣ್ಣುವ ಮೊದಲು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಬೆಳೆಯಲ್ಲಿ ಹಕ್ಕಿಗೆ, ಹುಳಕ್ಕೆ, ಇಲಿಗೆ, ಚಿಗರೆಗೆ ಪಾಲುಂಟೆಂದು ವರ್ಷಕ್ಕೊಮ್ಮೆಯಾದರೂ ಬಾಯಿಬಿಟ್ಟು ಒಪ್ಪಿಕೊಳ್ಳುವ ಪದ್ಧತಿಯದು.

ಮೊದಲ ಮಳೆಗಾಲ ಬಾವಿಯ ನೀರು ದೀಪಾವಳಿಗೆ ಮುಗಿಯಿತು. ಮರುವರ್ಷ ಸಂಕ್ರಾಂತಿಯವರೆಗೆ ನಿಂತಿತು. ಅದಕ್ಕೂ ಮುಂದೆ ಹೋಗಲಿಲ್ಲ. ಕಾರಣವು ಕಾಣದುದೇನಲ್ಲ. ನೆಲದ ಮೇಲೆ ನಾವು ಬಾಂದು ಹಾಕುತ್ತೇವೆ; ನೆಲದೊಳಗಿನ ನೀರಿಗೆ ಬಾಂದಿಲ್ಲ. ನಮ್ಮ ಹೊಂಡದಿಂದ ಇಂಗಿದುದರಲ್ಲಿ ಅರ್ಧವು ನೆರೆಯ ಆರುನೂರು ಅಡಿಯ ಬೋರಿಗೆ ಹೋಗುತ್ತದೆ. ನೆರೆಯವನು ಕೆಟ್ಟವನಲ್ಲ, ಅವನಿಗೂ ಸಾಲವಿದೆ, ಮಕ್ಕಳಿದ್ದಾರೆ.

ಒಟ್ಟುಕುಟುಂಬದಲ್ಲಿ ಬಾಳಿದವರಿಗೆ ಈ ತೊಡಕು ಹೊಸದಲ್ಲ. ಅಣ್ಣತಮ್ಮಂದಿರ ಅಸಲು ಒಂದೇ ಪೆಟ್ಟಿಗೆಯಲ್ಲಿರುವಾಗ, ಒಬ್ಬನು ಮಿತದಿಂದ ನಡೆದರೆ ಉಳಿತಾಯವು ಇನ್ನೊಬ್ಬನ ಖರ್ಚಿಗೆ ಒದಗಬಹುದು. ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯವೆಂದರೆ ಎಲ್ಲರೂ ಒಟ್ಟಿಗೆ ಕುಳಿತು ವಹಿಯನ್ನು ನೋಡುವುದು. ಬೀದರದ ಸುರಂಗವನ್ನು ಒಬ್ಬನು ತನ್ನ ಹೊಲಕ್ಕಾಗಿ ಕೊರೆಸಿರಲಿಲ್ಲ. ಅದು ಊರಿನ ಸೊತ್ತಾಗಿತ್ತು. ಈಗ ನಮ್ಮ ಓಣಿಯ ಆರು ಮನೆಯವರು ತಂತಮ್ಮ ಬಾವಿಗಳ ನೀರಿನ ಮಟ್ಟವನ್ನು ಪ್ರತಿ ಹುಣ್ಣಿಮೆಗೆ ಹಗ್ಗವಿಳಿಸಿ ಅಳೆದು, ಒಂದೇ ವಹಿಯಲ್ಲಿ ಬರೆದಿಡುತ್ತ ಬಂದಿದ್ದೇವೆ. ಆ ವಹಿಯೂ ತಮ್ಮನ ಹೆಂಡತಿಯ ಕೈಯಲ್ಲಿಯೇ ಇದೆ. ಕಳೆದ ವರ್ಷ ಆ ಅಂಕಿಗಳನ್ನು ನೋಡಿದ ಮೇಲೆ ಆರರಲ್ಲಿ ಎರಡು ಮನೆಯವರು ಕಬ್ಬಿನ ಬದಲು ಕಡಲೆ ಬಿತ್ತಿದರು. ಇನ್ನಿಬ್ಬರು ಮುಂದಿನ ವರ್ಷ ನೋಡೋಣವೆಂದಿದ್ದಾರೆ. ವಾಚಕರ ಊರಿನಲ್ಲಿ ಬಾವಿಯಿದ್ದರೆ, ಒಂದು ಹಗ್ಗ, ಒಂದು ಕಲ್ಲು, ಒಂದು ವಹಿ ಇಷ್ಟರಿಂದ ಈ ಕೆಲಸವನ್ನು ಬರುವ ಹುಣ್ಣಿಮೆಗೇ ಆರಂಭಿಸಬಹುದು. ಹೆಚ್ಚಿನ ಖರ್ಚೇನೂ ಇಲ್ಲ.